ಸಾಕುಮನೆಯ ನುಡಿ ಯಾವುದು?

ತಾಳಮದ್ದಳೆಯ ಕೂಟದಲ್ಲಿ ‘ಕರ್ಣಭೇದನ’ ನಡೆಯುವಾಗ, ಕರ್ಣನು ರಾಧೆಯ ಹೆಸರೆತ್ತುವ ಘಟ್ಟದಲ್ಲಿ ಸಭೆ ತಾನಾಗಿ ಮೌನವಾಗುತ್ತದೆ. ಸಿಂಹಾಸನ ಕೈಗೆಟಕುವಂತಿದ್ದರೂ, ನೀರಿನಲ್ಲಿ ತೇಲಿಬಂದ ಶಿಶುವನ್ನು ಎದೆಗವಚಿಕೊಂಡ ಸೂತದಂಪತಿಗಳೇ ತನ್ನ ತಾಯಿತಂದೆಗಳೆಂದು ಆತ ನಿಶ್ಚಯಿಸುತ್ತಾನೆ. ಹೆತ್ತವರಿಗಿಂತ ಸಾಕಿದವರು ಕಡಿಮೆಯಲ್ಲವೆಂಬ ಮಾತನ್ನು ಒಪ್ಪಲು ಗಡಿನಾಡಿನ ಮನಸ್ಸಿಗೆ ಹೊಸ ಪಾಠ ಬೇಕಾಗಿಲ್ಲ.

ಆದರೆ ಆ ಮೆಚ್ಚುಗೆ ಕೂಟ ಮುಗಿದ ಬಳಿಕ ಮನೆಯ ತನಕ ಬರುವುದು ವಿರಳ. ಹಿಂದಿನಿಂದಲೂ ದತ್ತಕವೆಂಬುದು ಬಹುಮಟ್ಟಿಗೆ ಮನೆಯ ಅಗತ್ಯವಾಗಿತ್ತು. ಪಿಂಡಪ್ರದಾನಕ್ಕೆ ಮಗನಿಲ್ಲದವರು, ಆಸ್ತಿಗೆ ವಾರಸುದಾರರಿಲ್ಲದವರು, ಅಳಿಯಸಂತಾನದ ಕುಟುಂಬಗಳಲ್ಲಿ ಸಂತತಿ ಮುಂದುವರಿಸಲು ಹೆಣ್ಣಿಲ್ಲದವರು ಬಂಧುಗಳ ಮಗುವನ್ನು ಪಡೆಯುತ್ತಿದ್ದರು. ಇಂದಿನ ಕಾನೂನು ಈ ಪ್ರಶ್ನೆಯನ್ನು ತಿರುಗಿಸಿದೆ. ಮನೆಗೆ ಎಂತಹ ಮಗು ಬೇಕು ಎಂಬುದಕ್ಕಿಂತ ಮೊದಲು ಮಗುವಿಗೆ ಎಂತಹ ಮನೆ ಬೇಕು ಎಂಬುದನ್ನು ಅದು ಕೇಳುತ್ತದೆ.

ದತ್ತಕಕ್ಕೆ ದೇಶದಲ್ಲಿ ಎರಡು ದಾರಿಗಳಿವೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ ಹೆತ್ತವರು ತಾವಾಗಿ ಮಗುವನ್ನು ಕೊಡಬಹುದು. ದತ್ತಹೋಮ ಕಡ್ಡಾಯವಲ್ಲ, ಆದರೆ ಕೊಡುವ ಪಡೆಯುವ ಕ್ರಿಯೆ ನಿಜವಾಗಿ ನಡೆಯಬೇಕು, ಅದಕ್ಕೆ ಪ್ರತಿಯಾಗಿ ಹಣ ಕೈ ಬದಲಾಗಬಾರದು. ಎರಡನೆಯದು 2015ರ ಬಾಲನ್ಯಾಯ ಕಾಯ್ದೆಯ ದಾರಿ. ಇದು ಎಲ್ಲ ಧರ್ಮದವರಿಗೂ ತೆರೆದಿದೆ. ಮುಸ್ಲಿಮ್ ಮತ್ತು ಕ್ರೈಸ್ತ ದಂಪತಿಗಳಿಗೆ ಒಂದು ಕಾಲದಲ್ಲಿ 1890ರ ಕಾಯ್ದೆಯ ಪ್ರಕಾರ ಮಗುವಿನ ರಕ್ಷಕರಾಗಲು ಮಾತ್ರ ಅವಕಾಶವಿತ್ತು. ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದೆಂಬುದನ್ನು 2014ರಲ್ಲಿ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2022ರ ಸೆಪ್ಟೆಂಬರಿನಿಂದ ಇಂತಹ ದತ್ತಕದ ಆದೇಶ ನೀಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದಿದೆ.

ಈ ಎರಡೂ ದಾರಿಗಳನ್ನು ಬಿಟ್ಟು, ಪರಿಚಯದವರ ಮಾತಿನ ಮೇಲೆ ಆಸ್ಪತ್ರೆಯಿಂದಲೋ ಬಡವರ ಮನೆಯಿಂದಲೋ ಕೂಸನ್ನು ತಂದು ಸಾಕುವವರು ಕೆಟ್ಟವರಾಗಿರಬೇಕಾಗಿಲ್ಲ. ಆದರೂ ಆ ಮಗುವಿಗೆ ಮನೆಯ ಹೆಸರಿರುವುದಿಲ್ಲ, ಆಸ್ತಿಯಲ್ಲಿ ಹಕ್ಕಿರುವುದಿಲ್ಲ. ಸಾಕಿದವರು ಕಣ್ಮುಚ್ಚಿದ ಮರುದಿನ ದಾಯಾದಿಗಳು ಹೊಸ್ತಿಲು ದಾಟಿಸಿದರೆ ಕೇಳುವವರಿರುವುದಿಲ್ಲ. ಹೆಸರಿಲ್ಲದ ಪ್ರೀತಿಯ ಬೆಲೆಯನ್ನು ತೆರುವುದು ಕೊನೆಗೆ ಮಗುವೇ. ಸಾಕಲಾರದ ತಾಯಿಗೂ ಗೌರವದ ದಾರಿಯೊಂದಿದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದ ಮೇಲೆ, ಮನಸ್ಸು ಬದಲಾದರೆ ಮರಳಿ ಪಡೆಯಲು ಕಾನೂನು ಆಕೆಗೆ ಎರಡು ತಿಂಗಳ ಅವಧಿ ಕೊಡುತ್ತದೆ.

ದತ್ತಕದ ಪಟ್ಟಿಯಲ್ಲಿ ಹೆಸರು ಬರೆಸಿದ ಬಹುತೇಕ ದಂಪತಿಗಳು ಬಯಸುವುದು ಹಸುಗೂಸನ್ನು. ಅದಕ್ಕಾಗಿ ವರ್ಷಗಟ್ಟಲೆ ಕಾಯುತ್ತಾರೆ. ಇತ್ತ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಏಳು, ಹತ್ತು, ಹದಿಮೂರು ವರ್ಷದವರು ಬೆಳೆಯುತ್ತಿರುತ್ತಾರೆ. ಅವರಲ್ಲಿ ಎಲ್ಲರೂ ಅನಾಥರಲ್ಲ. ತಂದೆ ಸೆರೆಮನೆಯಲ್ಲಿರಬಹುದು, ತಾಯಿ ಮನೋವ್ಯಾಧಿಯಿಂದ ಬಳಲುತ್ತಿರಬಹುದು, ಕುಡಿತದಿಂದ ಮನೆಯೇ ಒಡೆದಿರಬಹುದು. ಹೆತ್ತವರ ಹಕ್ಕು ಉಳಿದಿರುವುದರಿಂದ ಇಂತಹ ಮಕ್ಕಳನ್ನು ದತ್ತು ಕೊಡಲಾಗದು. ಮನೆಗೆ ಕಳುಹಿಸಲೂ ಆಗದು. ಇವರಿಗಾಗಿ ಇರುವ ಮೂರನೆಯ ಬಾಗಿಲು ಪೋಷಕತ್ವ.

ಬಾಲನ್ಯಾಯ ಕಾಯ್ದೆಯ 44ನೆಯ ವಿಧಿಯ ಪ್ರಕಾರ ಸಮಿತಿಯು ಮಗುವನ್ನು ಅರ್ಹ ಕುಟುಂಬವೊಂದರ ಆರೈಕೆಗೆ ಒಪ್ಪಿಸಬಹುದು. ಆಹಾರ, ಆರೋಗ್ಯ, ಶಿಕ್ಷಣಗಳ ಹೊಣೆ ಆ ಕುಟುಂಬದ್ದು. ಒಡಹುಟ್ಟಿದವರನ್ನು ಸಾಧ್ಯವಾದ ಮಟ್ಟಿಗೆ ಅಗಲಿಸಬಾರದು. ಹಿತಕ್ಕೆ ಧಕ್ಕೆಯಿಲ್ಲದಿದ್ದರೆ ಹೆತ್ತವರು ಬಂದು ಕಾಣಬಹುದು. ಅವರು ಸಮರ್ಥರಾದರೆಂದು ಸಮಿತಿ ಕಂಡುಕೊಂಡ ದಿನ ಮಗು ಮರಳಬಹುದು. ಸಮಿತಿಯ ತಪಾಸಣೆ ತಿಂಗಳು ತಿಂಗಳು ನಡೆಯಬೇಕೆಂದು ಕಾಯ್ದೆ ಹೇಳುತ್ತದೆ. ‘ಮಿಷನ್ ವಾತ್ಸಲ್ಯ’ ಯೋಜನೆಯು ಇಂತಹ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಗೊತ್ತುಮಾಡಿದೆ. 2024ರ ಕೇಂದ್ರ ಮಾದರಿ ಮಾರ್ಗಸೂಚಿಯ ಪ್ರಕಾರ 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳೂ ಪೋಷಕರಾಗಬಹುದು; ಮುಂದೆ ಆ ಮಗು ದತ್ತಕಕ್ಕೆ ಅರ್ಹವಾದರೆ, ಎರಡು ವರ್ಷ ಸಾಕಿದವರು ದತ್ತು ಪಡೆಯಲೂ ಅರ್ಜಿ ಹಾಕಬಹುದು.

ಇಲ್ಲಿ ಭಾಷಾ ಅಲ್ಪಸಂಖ್ಯಾತರ ಪ್ರಶ್ನೆಯೊಂದು ಎದುರಾಗುತ್ತದೆ. ಮಂಜೇಶ್ವರದ ಕಡೆಯ ಎಂಟು ವರ್ಷದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಮನೆಯಲ್ಲಿ ತುಳು, ಶಾಲೆಯಲ್ಲಿ ಮೂರನೆಯ ತರಗತಿಯ ಕನ್ನಡ. ಮನೆ ಒಡೆದು ಆಕೆ ಸಮಿತಿಯ ಮುಂದೆ ಬರುತ್ತಾಳೆ. ಪಟ್ಟಿಯಲ್ಲಿ ಕನ್ನಡ ಬಲ್ಲ ಮನೆ ಇಲ್ಲವಾದರೆ, ದೂರದ ಸಂಸ್ಥೆಗೋ ಮಲೆಯಾಳ ಮಾತ್ರ ಬಲ್ಲ ಮನೆಗೋ ಆಕೆ ಹೋಗಬೇಕಾಗುತ್ತದೆ. ಅಲ್ಲಿ ಅನ್ನ ಸಿಕ್ಕೀತು, ಅಕ್ಕರೆಯೂ ಸಿಕ್ಕೀತು. ಮಲೆಯಾಳದ ಮನೆಯ ಪ್ರೀತಿ ಯಾವ ಮನೆಯ ಪ್ರೀತಿಗೂ ಕಡಿಮೆಯಲ್ಲ. ಆದರೆ ತಾಯಿತಂದೆಯರನ್ನೂ ಊರನ್ನೂ ಕಳೆದುಕೊಂಡ ಮಗು, ಹೊಟ್ಟೆನೋವನ್ನು ಹೇಳುವ ಮಾತನ್ನೂ ಅದೇ ವಾರ ಕಳೆದುಕೊಳ್ಳುತ್ತದೆ. ಎರಡು ವರ್ಷ ಕಳೆದು ತಾಯಿ ಕಾಣಲು ಬಂದಾಗ ಇಬ್ಬರ ನಡುವೆ ಮಾತು ಹರಿಯದಿದ್ದರೆ, ಮರಳಿ ಮನೆ ಸೇರುವ ದಾರಿ ಇನ್ನಷ್ಟು ಕಿರಿದಾಗುತ್ತದೆ.

ಇದು ಭಾಷಾಭಿಮಾನದ ಮಾತಷ್ಟೇ ಅಲ್ಲ. ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೆಯ ವಿಧಿಯು, ಮಗುವಿಗೆ ಬದಲಿ ಮನೆಯನ್ನು ಗೊತ್ತುಮಾಡುವಾಗ ಅದರ ಧರ್ಮ, ಸಂಸ್ಕೃತಿಗಳ ಜತೆಗೆ ಭಾಷೆಯನ್ನೂ ಗಮನಿಸಬೇಕೆಂದು ಹೇಳುತ್ತದೆ. ಹಕ್ಕು ಕಾಗದದಲ್ಲಿದೆ. ಅದನ್ನು ನಡೆಸಿಕೊಡಲು ಅಧಿಕಾರಿಗೆ ಆಜ್ಞೆಯೊಂದೇ ಸಾಲದು, ಮನೆಯೂ ಬೇಕು. ಕನ್ನಡ ಶಾಲೆಗಳ ಹುದ್ದೆಗಾಗಿ, ಕನ್ನಡದ ನಾಮಫಲಕಕ್ಕಾಗಿ ಗಡಿನಾಡು ಹೋರಾಡಿದೆ, ಅದು ನ್ಯಾಯವೇ. ಆ ಶಾಲೆಯ ಬೆಂಚಿನಿಂದ ಎದ್ದುಹೋದ ಒಂದು ಮಗುವಿಗೆ ತೆರೆದ ಕನ್ನಡದ ಬಾಗಿಲುಗಳು ಎಷ್ಟು ಎಂಬುದನ್ನೂ ಅಷ್ಟೇ ಗಂಭೀರವಾಗಿ ಎಣಿಸಬೇಕಾಗಿದೆ.

ಹಿಂಜರಿಕೆಗಳು ಸಹಜ. ಜಾತಿ ಯಾವುದೋ ಎಂಬ ಪ್ರಶ್ನೆ ಬಾಯಿಗೆ ಬಾರದಿದ್ದರೂ ಮನಸ್ಸಿನಲ್ಲಿರುತ್ತದೆ. ಒಪ್ಪುವ ಮುನ್ನ ಮನೆಯವರೆಲ್ಲ ಕುಳಿತು ಅದನ್ನು ಪ್ರಾಮಾಣಿಕವಾಗಿ ಬಗೆಹರಿಸಿಕೊಳ್ಳುವುದು ಲೇಸು. ನೊಂದು ಬಂದ ಮಗು ಮೊದಲ ದಿನವೇ ಕೃತಜ್ಞತೆ ತೋರುವುದಿಲ್ಲ. ಅನ್ನವನ್ನು ಬಚ್ಚಿಡಬಹುದು, ಸುಳ್ಳಾಡಬಹುದು, ಹಾಸಿಗೆ ಒದ್ದೆ ಮಾಡಬಹುದು, ಸಿಟ್ಟಿಗೇಳಬಹುದು. ಅದು ಕೆಟ್ಟ ಗುಣವಲ್ಲ, ಹೆದರಿಕೆಯ ಭಾಷೆ. ಎಲ್ಲಕ್ಕಿಂತ ದೊಡ್ಡ ಹಿಂಜರಿಕೆ ಬೇರೆ: ಇಷ್ಟು ಹಚ್ಚಿಕೊಂಡ ಮಗುವನ್ನು ಒಂದು ದಿನ ಮರಳಿ ಕೊಡುವುದು ಹೇಗೆ? ಅದಕ್ಕೆ ಸಮಾಧಾನದ ಉತ್ತರವಿಲ್ಲ. ಆ ನೋವು ಪೋಷಕತ್ವದ ದೋಷವಲ್ಲ, ಅದರ ಸ್ವರೂಪವೇ ಹೌದು. ಅದನ್ನು ತಾಳಲಾರೆವು ಎನ್ನುವವರಿಗೆ ದತ್ತಕದ ದಾರಿ ಇದ್ದೇ ಇದೆ. ಅಲ್ಲಿಯೂ ಹಸುಗೂಸಿಗಾಗಿಯೇ ಕಾಯಬೇಕಾಗಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ದಂಪತಿಗಳ ಒಟ್ಟು ವಯಸ್ಸು 85 ಮೀರಬಾರದು. ಎಂಟು ದಾಟಿದ ಮಗುವಿಗಾದರೋ 110ರ ತನಕ ಅವಕಾಶವಿದೆ.

ಮೊದಲ ಹೆಜ್ಜೆ ದೊಡ್ಡದಾಗಿರಬೇಕಾಗಿಲ್ಲ. ಸಂಸ್ಥೆಗಳಲ್ಲಿರುವ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಕುಟುಂಬಗಳೊಂದಿಗೆ ಇರಿಸುವ ಯೋಜನೆಯನ್ನು ಕೇರಳದ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆ ನಡೆಸಿಕೊಂಡು ಬಂದಿದೆ. ಮನೆಯವರ ಮನಸ್ಸನ್ನೂ ಮಗುವಿನ ಮನಸ್ಸನ್ನೂ ಅರಿಯಲು ಇದೊಂದು ಸಂದರ್ಭ. ಅರ್ಜಿ, ವಿಚಾರಣೆಗಳಿಗೆ ಜಿಲ್ಲಾ ಮಕ್ಕಳ ಸಂರಕ್ಷಣಾ ಘಟಕವನ್ನು ಸಂಪರ್ಕಿಸಬೇಕು. ಅಪಾಯದಲ್ಲಿರುವ ಮಗು ಕಣ್ಣಿಗೆ ಬಿದ್ದರೆ 1098ಕ್ಕೆ ಕರೆ ಮಾಡಬೇಕು.

ಕಚೇರಿಯ ಭಾಷೆಗೆ ಅಂಜಿ ಹಿಂದೆ ಸರಿಯಬೇಕಾಗಿಲ್ಲ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿನ ಸರಕಾರಿ ಕಚೇರಿಗಳೊಡನೆ ಕನ್ನಡಿಗರು ಕನ್ನಡದಲ್ಲೇ ವ್ಯವಹರಿಸಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಈ ಹಕ್ಕನ್ನು ಪಡಿತರ ಚೀಟಿಗೂ ಭೂಕಂದಾಯಕ್ಕೂ ಬಳಸಿದ ಕೈಗಳು, ಒಂದು ಮಗುವಿಗೆ ಮನೆ ತೆರೆಯುವ ಅರ್ಜಿಗೂ ಬಳಸುವಂತಾಗಲಿ.