ಗೂಗಲ್ ಮ್ಯಾಪ್ಸ್ ದರ ಇಳಿಯಿತಂತೆ! ನಾವು ದುಡ್ಡು ಕೊಟ್ಟಿದ್ದು ಯಾವಾಗ?

2024ರ ಜುಲೈನಲ್ಲಿ ‘ಭಾರತದಲ್ಲಿ ಗೂಗಲ್ ಮ್ಯಾಪ್ಸ್ ದರ ಶೇ 70ರವರೆಗೆ ಇಳಿಕೆ’ ಎಂಬ ಸುದ್ದಿ ಬಂತು. ದಾರಿ ನೋಡಲು ನಾವ್ಯಾರೂ ಒಂದು ರೂಪಾಯಿಯನ್ನೂ ಕೊಟ್ಟಿಲ್ಲವಲ್ಲ, ಹಾಗಾದರೆ ಇಳಿದದ್ದು ಏನು?

ನಿಮ್ಮ ಮೊಬೈಲ್‌ನ ಮ್ಯಾಪ್ಸ್ ಆಗಲೂ ಉಚಿತ, ಈಗಲೂ ಉಚಿತ. ಆದರೆ ಆಟೊ ಬುಕ್ ಮಾಡುವ, ಊಟ ತರಿಸುವ ಆ್ಯಪ್‌ಗಳ ಒಳಗೆ ಕಾಣುವ ನಕ್ಷೆ ಹೆಚ್ಚಾಗಿ ಬೇರೆ ಕಂಪನಿಯದು. ಅದನ್ನು ಎಪಿಐ ಮೂಲಕ, ಅಂದರೆ ಒಂದು ಸಾಫ್ಟ್‌ವೇರ್ ಇನ್ನೊಂದರಿಂದ ಕೆಲಸ ಕೇಳಿ ಪಡೆಯುವ ವ್ಯವಸ್ಥೆಯ ಮೂಲಕ ತರಿಸಿಕೊಳ್ಳುತ್ತಾರೆ. ಕೇಳಿದಷ್ಟು ಸಲ ಮೀಟರ್ ಓಡುತ್ತದೆ. ಇಳಿದದ್ದು ಈ ದರ.

ಕೆ.ಆರ್. ಪೇಟೆಯ ಹುಡುಗಿಯೊಬ್ಬಳು ಹೇಮಗಿರಿ ಜಾತ್ರೆಗೆ ದಾರಿ ತೋರಿಸುವ ವೆಬ್‌ಸೈಟ್ ಮಾಡಿದಳು, ತಿಂಗಳಲ್ಲಿ 1 ಲಕ್ಷ ಸಲ ನಕ್ಷೆ ತೆರೆಯಿತು ಅಂದುಕೊಳ್ಳಿ. 2018ರ ಜುಲೈ 16ಕ್ಕೆ ಮುಂಚೆ ದಿನಕ್ಕೆ 25,000 ಸಲ ಉಚಿತವಿತ್ತು. ಯಾವ ದಿನವೂ ಅದನ್ನು ಮೀರದಿದ್ದರೆ ಬಿಲ್ ಸೊನ್ನೆ. ಆ ದಿನದಿಂದ ನಿಯಮ ಬದಲಾಯಿತು: ತಿಂಗಳಿಗೆ 200 ಡಾಲರ್ ವಿನಾಯಿತಿ, ಸಾವಿರ ಸಲಕ್ಕೆ 7 ಡಾಲರ್ ದರ. ಅವಳ ಬಿಲ್ 700ರಲ್ಲಿ 200 ಕಳೆದು 500 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 34 ಸಾವಿರ ರೂಪಾಯಿ! ಮೊದಲು ಮಿತಿ ಮೀರಿದವರಿಗೂ ಸಾವಿರಕ್ಕೆ ಅರ್ಧ ಡಾಲರ್ ಮಾತ್ರ ಇತ್ತು. ಅಂದರೆ 14 ಪಟ್ಟು ಏರಿಕೆ.

ನಕ್ಷೆ ತಯಾರಿಸುವ ಖರ್ಚು ಒಂದೇ ದಿನದಲ್ಲಿ 14 ಪಟ್ಟು ಏರುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ಲೆಕ್ಕವಿಲ್ಲದಷ್ಟು ವೆಬ್‌ಸೈಟ್‌ಗಳು ಅದರ ಮೇಲೇ ಕಟ್ಟಿಕೊಂಡಿದ್ದವು. ಬಿಟ್ಟು ಹೋಗಬೇಕೆಂದರೆ ಕೋಡ್ ಹೊಸದಾಗಿ ಬರೆಯಬೇಕು. ಅಂಗಡಿ ಹಾಕಿ, ಗಿರಾಕಿ ಕುದುರಿದ ಮೇಲೆ ಮಾಲೀಕ ಬಾಡಿಗೆ ಏರಿಸಿದ ಹಾಗೆ.

ಮತ್ತೆ ಇಳಿದದ್ದು ಯಾಕೆ? 2024ರ ಜುಲೈ ಮೊದಲ ವಾರ ಬೆಂಗಳೂರಿನ ಓಲಾ, ಗೂಗಲ್ ಮ್ಯಾಪ್ಸ್ ಬಿಟ್ಟು ಸ್ವಂತ ಓಲಾ ಮ್ಯಾಪ್ಸ್ ಬಳಸುತ್ತಿರುವುದಾಗಿ ಹೇಳಿತು. ವರ್ಷಕ್ಕೆ 100 ಕೋಟಿ ರೂಪಾಯಿ ಖರ್ಚಾಗುತ್ತಿತ್ತು ಎಂದರು ಅದರ ಮುಖ್ಯಸ್ಥ ಭವಿಷ್ ಅಗರ್‌ವಾಲ್. ಡೆವಲಪರ್‌ಗಳಿಗೆ ಒಂದು ವರ್ಷ ಉಚಿತ ಎಂದೂ ಘೋಷಿಸಿದರು. ಅದೇ ತಿಂಗಳು ಗೂಗಲ್, ಆಗಸ್ಟ್ 1ರಿಂದ ಭಾರತಕ್ಕೆ ಕಡಿಮೆ ದರ, ರೂಪಾಯಿಯಲ್ಲೇ ಪಾವತಿ ಎಂದು ಪ್ರಕಟಿಸಿತು. ಇದು ಕಾಕತಾಳೀಯ ಅಂತ ನನಗನ್ನಿಸುವುದಿಲ್ಲ. ಹಾಗಂತ ಓಲಾದ ‘ಒಂದು ವರ್ಷ ಉಚಿತ’ ದಾನವೂ ಅಲ್ಲ, ಅದೂ ಗಿರಾಕಿ ಹಿಡಿಯುವ ದಾರಿಯೇ.

ಈ ವ್ಯಾಪಾರ ನಕ್ಷೆಗಷ್ಟೇ ಸೀಮಿತವಲ್ಲ. ಕಲಿಯುವ ಹುಡುಗರು ತಮ್ಮ ವೆಬ್ ಆ್ಯಪ್‌ಗಳನ್ನು ಇಡುತ್ತಿದ್ದ ಹೆರೋಕು, 2022ರ ನವೆಂಬರ್ 28ರಿಂದ ಉಚಿತ ಯೋಜನೆಯನ್ನೇ ನಿಲ್ಲಿಸಿತು. ‘ಈ ಟೂಲ್ ಸಂಪೂರ್ಣ ಫ್ರೀ’ ಎಂಬ ಫಾರ್ವರ್ಡ್ ಬಂದರೆ ಎಷ್ಟು ಸಲಕ್ಕೆ, ಎಲ್ಲಿಯವರೆಗೆ ಫ್ರೀ ಎಂದು ನೋಡಿ. ಕಾರ್ಡ್ ನಂಬರ್ ಕೇಳಿದರೆ ಬಿಲ್ ಮಿತಿ ಹಾಕಲು ಆಗುತ್ತದೆಯೇ ಎಂದೂ ನೋಡಿ.

ಅಂದಹಾಗೆ, ಜಾತ್ರೆಯ ದಾರಿ ತೋರಿಸಲು ಇಷ್ಟೆಲ್ಲ ಬೇಕಾಗಿಲ್ಲ. ವೆಬ್‌ಸೈಟ್‌ನೊಳಗೆ ನಕ್ಷೆ ಹಾಕುವ ಬದಲು, ಒತ್ತಿದರೆ ನೋಡುಗರ ಮೊಬೈಲ್‌ನ ಮ್ಯಾಪ್ಸ್‌ನಲ್ಲೇ ಹೇಮಗಿರಿ ತೆರೆದುಕೊಳ್ಳುವ ಲಿಂಕ್ ಕೊಟ್ಟರೆ ಸಾಕು. ಅದಕ್ಕೆ ಎಪಿಐ ಕೀ ಬೇಡ, ಬಿಲ್ಲೂ ಬರುವುದಿಲ್ಲ.