ಅದು ಗೊರಕೆಯಲ್ಲ ಸ್ವಾಮಿ, ಉಸಿರೇ ನಿಲ್ಲುವುದು

ಸಾರಿಗೆ ಸಂಸ್ಥೆಯ ನಮ್ಮ ವಿಭಾಗದ ನಿಯಂತ್ರಣಾಧಿಕಾರಿಗಳಿಗೆ,

ತಮ್ಮ ಕಚೇರಿಗೆ ಮೂರು ಅರ್ಜಿ ಕೊಟ್ಟು, ಒಂದಕ್ಕೂ ಉತ್ತರ ಬಾರದೆ ಈ ಪತ್ರವನ್ನು ಎಲ್ಲರೆದುರು ಇಡುತ್ತಿದ್ದೇನೆ. ನಾನು ತಮ್ಮ ಚಾಲಕರೊಬ್ಬರ ಹೆಂಡತಿ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು.

ನಮ್ಮನೆಯವರ ಸಂಗತಿ ಡಿಪೋದಲ್ಲಿ ಎಲ್ಲರಿಗೂ ಗೊತ್ತು. ಹೋದ ವರ್ಷ ಹೃದಯಾಘಾತ, ಸ್ಟೆಂಟ್, ರಜೆ, ಮತ್ತೆ ಡ್ಯೂಟಿ. ಮೂರು ಮಾತ್ರೆಗೂ ಬಿಪಿ ಬಗ್ಗದಿದ್ದಾಗ ಹೃದಯದ ಡಾಕ್ಟರು ನಿದ್ರೆಯ ಪರೀಕ್ಷೆ ಬರೆದರು. ಗಂಟೆಗೆ 41 ಸಲ ಉಸಿರು ನಿಲ್ಲುತ್ತದೆ, ಇಲ್ಲವೇ ತೀರಾ ಕುಗ್ಗುತ್ತದೆ. 30 ಮುಟ್ಟಿದರೇ ತೀವ್ರ ಸ್ಲೀಪ್ ಆಪ್ನಿಯಾ. ರಾತ್ರಿ ಡ್ಯೂಟಿ ಬೇಡ, ಗಾಳಿಯೊತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಹಾಕಿಕೊಂಡೇ ಮಲಗಬೇಕು ಎಂದು ಬರೆದುಕೊಟ್ಟರು. ಆ ಚೀಟಿ ಹಿಡಿದು ಜೂನಿನಲ್ಲಿ ತಮ್ಮ ಮುಂದೆ ನಿಂತಾಗ, "ಮುಂದಿನ ತಿಂಗಳ ಚಾರ್ಟಿನಲ್ಲಿ ಹಗಲು ಶೆಡ್ಯೂಲಿಗೆ ಹಾಕಿಸ್ತೀನಿ, ಹೋಗಿಬನ್ನಿ ಮೇಡಂ" ಎಂದಿರಿ. ಕೈಮುಗಿದು ಹೊರಟೆ. ಬಾಗಿಲು ದಾಟುವ ಮೊದಲೇ ಪಕ್ಕದವರಿಗೆ ತಾವು ಹೇಳಿದ್ದೂ ಕಿವಿಗೆ ಬಿತ್ತು: "ಗೊರಕೆ ಹೊಡೆಯೋರಿಗೆಲ್ಲ ಹಗಲು ಡ್ಯೂಟಿ ಕೊಟ್ರೆ ರಾತ್ರಿ ಬಸ್ ಯಾರು ಓಡಿಸ್ತಾರೆ?"

ಗೊರಕೆ! ಆ ಗೊರಕೆ ನಿಲ್ಲುವ ಹೊತ್ತು ಹೇಗಿರುತ್ತದೆಂದು ನನ್ನನ್ನು ಕೇಳಿ. ಎದೆ ಏಳುತ್ತದೆ, ಹೊಟ್ಟೆ ಎಳೆಯುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಅವರ ಬನಿಯನ್ ಹಿಡಿದುಕೊಂಡು ಎಣಿಸುತ್ತೇನೆ: ಹತ್ತು, ಇಪ್ಪತ್ತು, ಮೂವತ್ತೆರಡು. ಆಮೇಲೆ ನೀರಿನಡಿಯಿಂದ ಮೇಲೆದ್ದವರ ಹಾಗೆ ಏದುಸಿರು. ಅವರಿಗೆ ಇದಾವುದರ ನೆನಪೂ ಇರುವುದಿಲ್ಲ. ಪ್ರತಿ ಸಲವೂ ಮೈ ಗಾಬರಿಬಿದ್ದು ಅಡ್ರಿನಾಲಿನ್ ಸುರಿಸುತ್ತದೆ, ಬಿಪಿ ಜಿಗಿಯುತ್ತದೆ. ರಾತ್ರಿಯಿಡೀ ಆಮ್ಲಜನಕ ಇಳಿದು ಏರಿ, ಇಳಿದು ಏರಿ, ರಕ್ತನಾಳದ ಒಳಪದರ ಕೆರಳುತ್ತದೆ. ಎಲ್ಲೂ ಗಾಯವಿಲ್ಲ, ಆದರೂ ಉರಿಯೂತ. ಅದರ ಸೂಚಕಗಳಾದ ಸಿಆರ್‌ಪಿ, ಇಂಟರ್‌ಲ್ಯೂಕಿನ್-6 ರಕ್ತದಲ್ಲಿ ಹೆಚ್ಚುತ್ತವೆ. ಕೊಬ್ಬು ಕಟ್ಟುವುದೂ, ಕಟ್ಟಿದ್ದು ಒಡೆದು ರಕ್ತ ಹೆಪ್ಪುಗಟ್ಟುವುದೂ ಹೀಗೆ ಕೆರಳಿದ ನಾಳದಲ್ಲೇ. ಬಿಪಿ, ಹೃದ್ರೋಗ, ಪಾರ್ಶ್ವವಾಯು ಇರುವವರಲ್ಲಿ ನೂರಕ್ಕೆ 40ರಿಂದ 80 ಮಂದಿಗೆ ಸ್ಲೀಪ್ ಆಪ್ನಿಯಾ ಇದೆ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2021ರಲ್ಲೇ ಹೇಳಿದೆ.

ಯಂತ್ರದಿಂದ ಹಾರ್ಟ್ ಅಟ್ಯಾಕ್ ತಪ್ಪುತ್ತದೆಂದು ಸಾಬೀತಾಗಿಲ್ಲ ಎಂದು ನಿಮ್ಮ ವೈದ್ಯಾಧಿಕಾರಿ ವಾದಿಸಿದರು. ನಿಜ. 2016ರಲ್ಲಿ ಪ್ರಕಟವಾದ, ಸುಮಾರು 2,700 ರೋಗಿಗಳ 'ಸೇವ್' ಅಧ್ಯಯನದಲ್ಲಿ ತಪ್ಪಲಿಲ್ಲ. ಆದರೆ ಅವರು ಯಂತ್ರ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಅಷ್ಟರಲ್ಲೇ ಹಗಲಿನ ತೂಕಡಿಕೆ ಕಡಿಮೆಯಾಗಿತ್ತು. ನಮ್ಮನೆಯವರಿಗೆ ಅಷ್ಟೂ ಇಲ್ಲ. ರಾತ್ರಿಯಿಡೀ ಘಾಟಿಯ ತಿರುವುಗಳಲ್ಲಿ ಸ್ಟೀರಿಂಗ್. ಬೆಳಗ್ಗೆ ಮಲಗುವುದು ಬಸ್ಸು ತಲುಪಿದ ಊರಿನ ವಿಶ್ರಾಂತಿ ಕೊಠಡಿಯಲ್ಲಿ: ಹದಿನಾಲ್ಕು ಮಂಚ, ಬಾಗಿಲ ಬಳಿ ಒಂದೇ ಪ್ಲಗ್, ಅದಕ್ಕೆ ಐದು ಮೊಬೈಲ್. ಸೊಸೈಟಿ ಸಾಲ ಮಾಡಿ ತಂದ ಯಂತ್ರ ಬ್ಯಾಗಿನಲ್ಲೇ ಹೋಗಿ ಬ್ಯಾಗಿನಲ್ಲೇ ಬರುತ್ತದೆ.

ಜುಲೈ ಚಾರ್ಟ್ ಬಂತು, ರಾತ್ರಿ. ಆಗಸ್ಟ್, ರಾತ್ರಿ. ಸೆಪ್ಟೆಂಬರಿನಲ್ಲೂ ರಾತ್ರಿಯೇ. ಆಗುವುದಿಲ್ಲ ಎಂದಿದ್ದರೆ ಬೇರೆ ಬಾಗಿಲು ತಟ್ಟುತ್ತಿದ್ದೆ. ನೀವು ಮಾತು ಕೊಟ್ಟಿರಿ, ನಾನು ನಂಬಿ ಮೂರು ತಿಂಗಳು ಕಳೆದೆ.

ಚಾಲಕರ ಕಣ್ಣು ನೋಡುತ್ತೀರಿ, ಬಿಪಿ, ಶುಗರ್ ನೋಡುತ್ತೀರಿ. ಈ ರೋಗದ ಸುಳಿವು ಕೊಡುವ ಕತ್ತಿನ ಸುತ್ತಳತೆಗೊಂದು ಟೇಪು ಹಿಡಿಯಲು, ಮಲಗಿದಾಗ ಉಸಿರು ನಿಲ್ಲುತ್ತದೆಯೇ ಎಂದು ಮನೆಯವರನ್ನು ಒಂದು ಮಾತು ಕೇಳಲು ಎಷ್ಟು ಖರ್ಚು? 2024ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಬಸ್ಸು ಓಡಿಸುತ್ತಲೇ ಚಾಲಕರೊಬ್ಬರು ಹೃದಯಾಘಾತದಿಂದ ಕುಸಿದರು. ಕಂಡಕ್ಟರ್ ಸ್ಟೀರಿಂಗ್ ಹಿಡಿದು ಬಸ್ಸು ನಿಲ್ಲಿಸಿದರು. ಆ ವಿಡಿಯೊ ನೀವೂ ನೋಡಿರುತ್ತೀರಿ. ಚಾಲಕರ ನಿದ್ರೆಯ ತಪಾಸಣೆ ಯಾಕಿಲ್ಲ ಎಂಬುದು ರಾತ್ರಿ ಬಸ್ಸು ಹತ್ತುವ ಎಲ್ಲರೂ ಕೇಳಬೇಕಾದ ಪ್ರಶ್ನೆ, ನಾನೊಬ್ಬಳೇ ಕೇಳುವುದಲ್ಲ. ಪ್ರತಿ ಡಿಪೋದಲ್ಲೂ ಈ ತಪಾಸಣೆ ಆಗಬೇಕು, ಪ್ರತಿ ಮಂಚಕ್ಕೂ ಪ್ಲಗ್ ಬರಬೇಕು. ಅದಕ್ಕೆಲ್ಲ ಕಾಲ ಹಿಡಿಯುತ್ತದೆ, ಗೊತ್ತು. ಒಂದು ಹೆಸರು ತಿದ್ದಲು ಹಿಡಿಯುವುದಿಲ್ಲ.

ನಾಳೆ ರಾತ್ರಿ ಒಂಬತ್ತೂವರೆಯ ಬಸ್ಸಿಗೆ ಚಾರ್ಟಿನಲ್ಲಿ ಇನ್ನೂ ಅವರ ಹೆಸರೇ ಇದೆ.

ಇತಿ,
ನಿಮ್ಮ ಚಾಲಕರೊಬ್ಬರ ಹೆಂಡತಿ