ಅಂಕೋಲಾ ಮಾತಾಡ್ತಿದೆ, ಆಡಳಿತ ಬರೆದುಕೊಳ್ತಿದೆ. ಕೇಳ್ತಿರೋರು ಯಾರು?

ಸೀಬರ್ಡ್ ನೌಕಾನೆಲೆ, ಕೈಗಾ ಅಣು ವಿದ್ಯುತ್ ಸ್ಥಾವರ, ಕೊಂಕಣ ರೈಲ್ವೆ, ಚತುಷ್ಪಥ ಹೆದ್ದಾರಿ, ಕಾರವಾರ ಬಂದರು ವಿಸ್ತರಣೆ, ಈಗ ಕೇಣಿ ಬಂದರು. ಕಾರವಾರ-ಅಂಕೋಲಾದ ಒಂದು ತಲೆಮಾರು ಇಷ್ಟನ್ನೂ ಕಂಡಿದೆ. ಜನ ವಿರೋಧಿಸಿದಾಗಲೆಲ್ಲ ಮೇಲಿನಿಂದ ಬರುವ ಉತ್ತರದ ಧಾಟಿ ಮಾತ್ರ ಒಂದೇ: ಜನರಿಗೆ ಮಾಹಿತಿ ಕಡಿಮೆ, ಅವರಿಗೆ ಮನವರಿಕೆ ಮಾಡಿಕೊಡಬೇಕು. ಅಂದ್ರೆ ಸಮಸ್ಯೆ ಇರೋದು ಕೇಳುವವರಲ್ಲಿ, ಹೇಳುವವರಲ್ಲಿ ಅಲ್ಲ ಅಂತ ಮೊದಲೇ ತೀರ್ಮಾನ ಆಗಿರುತ್ತೆ.

ನಿಜಕ್ಕೂ ಇಲ್ಲಿ ಎರಡು ಸಂಸ್ಕೃತಿಗಳು ಎದುರುಬದುರಾಗಿವೆ. ಒಂದಕ್ಕೆ ಮಾತು ಅಂದ್ರೆ ಕಾಗದ. ಇನ್ನೊಂದಕ್ಕೆ ಮಾತು ಅಂದ್ರೆ ಎದುರಾ ಎದುರು ಕೂತು ಕೇಳೋದು, ಉತ್ತರ ಕೊಡೋದು.

ಕೋರಂ ಬೇಡದ ಸಭೆ

ಕಾಗದದ ಸಂಸ್ಕೃತಿ ಹೇಗಿರುತ್ತೆ ಅಂತ ತಿಳಿಯೋಕೆ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆ ಓದಬೇಕು. ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸ್ ಕೊಡಬೇಕು. ಪತ್ರಿಕೆ ಇಲ್ಲದ ಕಡೆ ಡಂಗುರ ಸಾರಬಹುದು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು. ಆದರೆ ನೂರಾರು ಪುಟಗಳ ಪೂರ್ಣ ವರದಿಯನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಅನ್ನೋ ಕಡ್ಡಾಯ ಇಲ್ಲ. ಇನ್ನೂ ಒಂದು ಸಾಲಿದೆ: ಸಭೆ ಶುರು ಮಾಡೋಕೆ ಕೋರಂ ಬೇಕಿಲ್ಲ. ಎಷ್ಟೇ ಜನ ಬಂದರೂ, ಬಾರದಿದ್ದರೂ ಸಭೆ ಆದ ಲೆಕ್ಕವೇ.

ಕೇಣಿಯನ್ನೇ ತಗೊಳ್ಳಿ. 2023ರ ನವೆಂಬರ್‌ನಲ್ಲಿ ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್‌ಗೆ ಈ ಬಂದರು ಸಿಕ್ಕಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ, ಮೊದಲ ಹಂತದ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಅಹವಾಲು ಸಭೆ ನಡೆದದ್ದು 2025ರ ಆಗಸ್ಟ್‌ನಲ್ಲಿ. ಮೊದಲು ಗುತ್ತಿಗೆ, ಆಮೇಲೆ ಅಹವಾಲು! ಕಾನೂನಿನ ಪ್ರಕಾರ ಇದು ತಪ್ಪಲ್ಲ ಅಂತ ವಾದಿಸಬಹುದು. ಆದರೆ ಮೀನುಗಾರರ ಕೇರಿಯಲ್ಲಿ ಇದನ್ನ ಕೇಳಿದರೆ, ತೀರ್ಮಾನ ಮಾಡಿದ ಮೇಲೆ ಅಭಿಪ್ರಾಯ ಕೇಳೋದು ಅವಮಾನ ಅಂತಾನೇ ಅನ್ನಿಸುತ್ತೆ. ಸಾವಿರಾರು ಜನ ಸಭೆಗೆ ಬಂದು ಬೇಡ ಅಂದರು. ಅಷ್ಟೂ ಮಾತು ಕಡತ ಸೇರಿತು. ಕಡತ ಸೇರಿದ ಮಾತಿಗೆ ಎಷ್ಟು ತೂಕ ಅನ್ನೋದೇ ಈಗಿನ ಪ್ರಶ್ನೆ.

ಕೋಲಕಾರ ಮನೆ ಬಾಗಿಲಿಗೆ ಬರುತ್ತಿದ್ದ

ಇನ್ನೊಂದು ಸಂಸ್ಕೃತಿ ಇದೇ ಮಣ್ಣಿನದ್ದು. ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಊರಗೌಡ, ಬುದವಂತ, ಕೋಲಕಾರ ಅನ್ನುವ ವ್ಯವಸ್ಥೆ ಇದೆ. ಸುದ್ದಿಯನ್ನು ಮನೆ ಮನೆಗೆ ಮುಟ್ಟಿಸೋದು ಕೋಲಕಾರನ ಕೆಲಸ. ಆಮೇಲೆ ಕೂಡಿ ಕೂತು ಮಾತು. ಇದನ್ನ ಸ್ವರ್ಗ ಅಂತ ಹೊಗಳಬೇಕಿಲ್ಲ. ಈ ಸ್ಥಾನಗಳು ಗಂಡಸರ ಕೈಯಲ್ಲೇ ಇದ್ದವು. ಸಾರಾಯಿ ವಿರುದ್ಧ ಬಡಗೇರಿಯ ಸುಕ್ರಿ ಬೊಮ್ಮಗೌಡ ದನಿ ಎತ್ತಿದ್ದು ಯಾವ ಕುರ್ಚಿಯಲ್ಲೂ ಕೂತಲ್ಲ. ಆದರೂ ಒಂದು ಪಾಠ ಇದೆ: ಸುದ್ದಿ ಮುಟ್ಟಿತಾ ಇಲ್ವಾ ಅನ್ನೋ ಹೊಣೆ ಹೇಳುವವನದ್ದು, ಕೇಳುವವನದ್ದಲ್ಲ.

ಸರ್ಕಾರಕ್ಕೆ ಈ ಲೋಕದ ಮಾತು ಅರ್ಥವೇ ಆಗಲ್ಲ ಅಂತಲೂ ಅಲ್ಲ. ಹೊನ್ನಳ್ಳಿಯ ತುಳಸಿ ಗೌಡ ಶಾಲೆಗೆ ಹೋದವರಲ್ಲ. ಯಾವ ತಾಯಿಮರದಿಂದ ಯಾವಾಗ ಬೀಜ ಆರಿಸಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಅರಣ್ಯ ಇಲಾಖೆ ಆ ತಿಳಿವಳಿಕೆಯನ್ನು ದಶಕಗಳ ಕಾಲ ತನ್ನ ನರ್ಸರಿಯಲ್ಲಿ ಬಳಸಿಕೊಂಡಿತು, ಬಹುಕಾಲ ದಿನಗೂಲಿ ಲೆಕ್ಕದಲ್ಲಿ. ಬೀಜ ಬೇಕಾದಾಗ ಕೇಳಿಸಿಕೊಳ್ಳುವ ವ್ಯವಸ್ಥೆಗೆ ಭೂಮಿ ಬೇಕಾದಾಗ ಯಾಕೆ ಕಿವುಡು?

ಶಿರೂರು ತೋರಿಸಿದ್ದೇನು?

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಅಗಲ ಮಾಡೋಕೆ ಕಡಿದಾಗಿ ಕತ್ತರಿಸಿದ ಗುಡ್ಡ ಅದು. ಚಹಾದಂಗಡಿ, ವಾಹನಗಳು ಮಣ್ಣಿನ ಜೊತೆ ಗಂಗಾವಳಿ ಸೇರಿದವು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು.

ಕಾಣೆಯಾದವರಲ್ಲಿ ಕೇರಳದ ಒಬ್ಬ ಲಾರಿ ಚಾಲಕ ಇದ್ದರು. ಅವರ ಕುಟುಂಬದ ಬೆನ್ನಿಗೆ ಶಾಸಕರು, ಚಾನೆಲ್‌ಗಳು ನಿಂತವು. ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಸಿದ್ದರಾಮಯ್ಯ ಅವರಿಗೆ ಪತ್ರ ಬರೆದರು. ಸೇನೆ ಬಂತು, ಗೋವಾದಿಂದ ಡ್ರೆಜರ್ ಬಂತು. ಸೆಪ್ಟೆಂಬರ್ 25ರಂದು ಲಾರಿ ನದಿಯಿಂದ ಮೇಲೆ ಬಂತು. ಅದನ್ನ ದೂರೋದು ಬೇಡ. ಜನಸಾಮಾನ್ಯನ ಜೀವಕ್ಕಾಗಿ ಒಂದು ರಾಜ್ಯವೇ ಪಟ್ಟು ಹಿಡಿಯೋದು ಒಳ್ಳೆಯ ರಾಜಕೀಯ ಸಂಸ್ಕೃತಿ. ಮುಜುಗರ ನಮ್ಮದು: ಕಾಣೆಯಾದ ಸ್ಥಳೀಯರ ಮನೆಯವರಿಗೆ, ಉಳುವರೆಯವರಿಗೆ ಅಂಥ ಸರಪಳಿ ಇರಲಿಲ್ಲ. ಜೋರಾಗಿ ಕೂಗಿದವರಿಗೆ ಮಾತ್ರ ಕೇಳುವ ಆಡಳಿತ, ಮೆಲ್ಲಗೆ ಮಾತಾಡುವವರ ಪಾಲಿಗೆ ಆಡಳಿತವೇ ಅಲ್ಲ.

ಹಾಗಾದ್ರೆ ಕೇಳಬೇಕಾದ್ದೇನು?

ಜಾಗೃತಿ ಕಾರ್ಯಕ್ರಮ, ಪಿಪಿಟಿ, ಬಣ್ಣದ ಕರಪತ್ರ ಸಾಕು. ಪೂರ್ಣ ವರದಿ ಕನ್ನಡದಲ್ಲಿ ಬರಲಿ, ಕೊಂಕಣಿ ಮಾತಾಡುವ ಕೇರಿಗಳಲ್ಲಿ ಕೊಂಕಣಿಯಲ್ಲೇ ಓದಿ ಹೇಳಲಿ. ತಾಲೂಕು ಕೇಂದ್ರದಲ್ಲಿ ಒಂದು ದಿನದ ಸಭೆಯ ಮೊದಲು ಪ್ರತಿ ಕೊಪ್ಪ, ಪ್ರತಿ ಮೀನುಗಾರ ಕೇರಿಯಲ್ಲಿ ಸಭೆ ಆಗಲಿ. ಕಡತ ಸೇರಿದ ಪ್ರತಿ ಪ್ರಶ್ನೆಗೂ ಲಿಖಿತ ಉತ್ತರ ಅದೇ ಊರಿಗೆ ವಾಪಸ್ ಬರಲಿ. ಗುಡ್ಡ ಬಿರುಕು ಬಿಟ್ಟಿದೆ ಅಂತ ಊರವರು ಹೇಳಿದರೆ ಅದನ್ನೂ ಎಂಜಿನಿಯರ್ ವರದಿಯಷ್ಟೇ ಗಂಭೀರವಾಗಿ ದಾಖಲಿಸುವ ಪದ್ಧತಿ ಬರಲಿ.

1930ರಲ್ಲೇ ಉಪ್ಪಿನ ಸತ್ಯಾಗ್ರಹ ಮಾಡಿದ ಊರು ಅಂಕೋಲಾ. ಮಾತಾಡೋದನ್ನ ಇವರಿಗೆ ಯಾರೂ ಕಲಿಸಬೇಕಿಲ್ಲ. ತರಬೇತಿ ಬೇಕಿರೋದು ವೇದಿಕೆಯ ಮೇಲೆ ಕೂತವರಿಗೆ.